ಕಡಲ ತಳದ ನಕ್ಷೆ ಯಾರ ಕೈಯಲ್ಲಿರಬೇಕು?

ನಮ್ಮ ಕರಾವಳಿಯ ಮನೆಮನೆಗೆ ಶಬ್ದದಿಂದ ನೀರಿನಡಿಯನ್ನು ನೋಡುವ ‘ಸೋನಾರ್’ ಉಪಕರಣದ ಹೆಸರು ತಲುಪಿದ್ದು ಎರಡು ದುರಂತಗಳ ಮೂಲಕ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಾಟ ನಡೆದ ಮೇಲೆ, 2019ರ ಮೇ ತಿಂಗಳ ಆರಂಭದಲ್ಲಿ ಮಹಾರಾಷ್ಟ್ರದ ಮಾಲ್ವಣ್ ತೀರದಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಪತ್ತೆ ಹಚ್ಚಿತು. ಎರಡನೆಯದು ಅಂಕೋಲಾ ತಾಲ್ಲೂಕಿನ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಮರದ ದಿಮ್ಮಿ ಹೊತ್ತ ಲಾರಿಯೊಂದನ್ನು ಹುಡುಕಲು ಸೋನಾರ್ ಬಂತು, ನೆಲದೊಳಗೆ ಇಣುಕುವ ರಾಡಾರ್ ಬಂತು, ಡ್ರೋನ್‌ಗೆ ಕಟ್ಟಿದ ಶೋಧಕ ಬಂತು. ಟಿ.ವಿ. ಮುಂದೆ ಕುಳಿತು ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಜನ ಅದನ್ನು ನೋಡಿದರು.

ಶಿರೂರಿನಲ್ಲಿ ಲೋಹದ ಸುಳಿವು ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಿತ್ತು. ಗುಡ್ಡದ ಜೊತೆ ಬೇರೆ ಲೋಹದ ಸಾಮಗ್ರಿಯೂ ನದಿ ಸೇರಿತ್ತು. ಯಾವ ಸುಳಿವು ಲಾರಿ, ಯಾವುದು ಬೇರೆ ಕಬ್ಬಿಣ ಎಂದು ದಡದಲ್ಲಿ ಕುಳಿತು ಹೇಳುವಂತಿರಲಿಲ್ಲ. ಮುಳುಗಿ ನೋಡೋಣವೆಂದರೆ ಮಳೆಗಾಲದ ಸೆಳೆತ ಮುಳುಗುಗಾರರನ್ನು ನಿಲ್ಲಗೊಡಲಿಲ್ಲ. ಕೊನೆಗೆ ಗೋವಾದಿಂದ ಡ್ರೆಜರ್ ತರಿಸಿ ಮಣ್ಣು ತೆಗೆದ ಮೇಲೆ, ಸೆಪ್ಟೆಂಬರ್ 25ರಂದು ಲಾರಿ ಮೇಲೆ ಬಂತು. ನೀರಿನಡಿಯ ಸಮೀಕ್ಷೆಯ ಶಕ್ತಿಯೂ ಮಿತಿಯೂ ಈ ಒಂದೇ ಘಟನೆಯಲ್ಲಿ ಇವೆ. ‘ಇಲ್ಲಿ ಏನೋ ಇದೆ’ ಎಂದು ಉಪಕರಣ ಹೇಳುತ್ತದೆ. ಏನು ಎಂಬುದನ್ನು ಮನುಷ್ಯ ಕೆಳಗಿಳಿದು, ಅಗೆದು, ಮುಟ್ಟಿ ನೋಡಿಯೇ ಖಚಿತಪಡಿಸಿಕೊಳ್ಳಬೇಕು.

ಈಗ ಅದೇ ಜಾತಿಯ ಉಪಕರಣಗಳು ಬೇರೆ ಕೆಲಸಕ್ಕಾಗಿ ಕಡಲಿಗಿಳಿಯುತ್ತಿವೆ. ಬಂದರು ಕಟ್ಟುವುದಿರಲಿ, ಇಂಟರ್‌ನೆಟ್ ಕೇಬಲ್ ಹಾಯಿಸುವುದಿರಲಿ, ಗಾಳಿಯಂತ್ರದ ಕಂಬ ನೆಡುವುದಿರಲಿ, ಮರಳು ತೆಗೆಯುವುದಿರಲಿ, ಮೊದಲ ಹೆಜ್ಜೆ ಸಮುದ್ರತಳದ ಆಳ, ಮಣ್ಣು, ಬಂಡೆಗಳನ್ನು ಅಳೆಯುವ ಭೂಭೌತಿಕ ಸಮೀಕ್ಷೆಯೇ. ಕೇರಳದ ಕೊಲ್ಲಂನಿಂದ ನಮ್ಮ ಅಂಕೋಲಾದ ಕೇಣಿಯವರೆಗೆ ಸಮೀಕ್ಷೆಯ ಹೆಸರು ಕೇಳಿದರೆ ಸಾಕು, ಮೀನುಗಾರರ ಕೇರಿಗಳಲ್ಲಿ ಆತಂಕ ಶುರುವಾಗುತ್ತದೆ. ‘ಬರೀ ಸಮೀಕ್ಷೆಯಲ್ಲವೇ, ಅದಕ್ಕೇಕೆ ಅಡ್ಡಿ?’ ಎಂದು ಅಧಿಕಾರಿಗಳು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಬೇಕಾದರೆ ಸಮೀಕ್ಷೆ ಎಂದರೇನು, ಅದು ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ, ಕಂಡದ್ದು ಯಾರ ಕಪಾಟಿಗೆ ಸೇರುತ್ತದೆ ಎಂಬುದನ್ನೆಲ್ಲ ನೋಡಬೇಕು. ಸಮೀಕ್ಷೆಗಳು ಹೆಚ್ಚು ನಡೆಯಲಿ ಎಂದು ಬಯಸುವವನು ನಾನು. ಆದರೆ ತಳದ ನಕ್ಷೆ ಆ ಕಡಲನ್ನೇ ನಂಬಿದವರ ಕೈಗೂ ಸಿಗುವವರೆಗೆ, ಸಮೀಕ್ಷೆಯನ್ನು ನಂಬಿ ಎಂದು ಅವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಶಬ್ದವೇ ಕಣ್ಣು

ನಮ್ಮ ಕರಾವಳಿಯ ಕೆಸರು ನೀರಿನಲ್ಲಿ ಬೆಳಕು ಕೆಲವೇ ಮೀಟರ್‌ಗಳಲ್ಲಿ ಸೋತುಹೋಗುತ್ತದೆ. ರೇಡಿಯೊ ಅಲೆಗಳನ್ನು ಉಪ್ಪುನೀರು ನುಂಗಿಬಿಡುತ್ತದೆ. ದೂರ ಹೋಗಿ ಮರಳಿ ಬರಬಲ್ಲದ್ದು ಶಬ್ದ ಮಾತ್ರ. ಹಡಗಿನ ಅಡಿಯಿಂದ ಒಂದು ಸದ್ದು ಹೊರಡಿಸಿ, ಅದರ ಪ್ರತಿಧ್ವನಿ ಬರಲು ಹಿಡಿದ ಸಮಯವನ್ನು ಅಳೆದರೆ ಆಳ ತಿಳಿಯುತ್ತದೆ. ಹಳೆಯ ಎಕೋ ಸೌಂಡರ್ ಹಡಗಿನ ನೇರ ಕೆಳಗಿನ ಒಂದು ಬಿಂದುವನ್ನಷ್ಟೇ ಅಳೆಯುತ್ತಿತ್ತು. ಇಂದಿನ ಮಲ್ಟಿಬೀಮ್ ಸೋನಾರ್ ನೂರಾರು ಕಿರಣಗಳನ್ನು ಬೀಸಣಿಗೆಯಂತೆ ಹರಡಿ, ಹಡಗು ಸಾಗಿದ ದಾರಿಯ ಎರಡೂ ಬದಿಯ ತಳವನ್ನು ಒಮ್ಮೆಲೇ ಅಳೆಯುತ್ತದೆ.

ಈ ಬೀಸಣಿಗೆಯ ಅಗಲ ನೀರಿನ ಆಳವನ್ನು ಅವಲಂಬಿಸಿದೆ. ಸಾಮಾನ್ಯವಾಗಿ ಆಳದ ಮೂರರಿಂದ ಐದು ಪಟ್ಟು. 50 ಮೀಟರ್ ಆಳದಲ್ಲಿ ಹಡಗಿನ ಒಂದು ಸಾಲಿನ ಓಡಾಟಕ್ಕೆ 175 ಮೀಟರ್ ಅಗಲದ ತಳ ಸಿಕ್ಕರೆ, 10 ಮೀಟರ್ ಆಳದಲ್ಲಿ ಸಿಗುವುದು 35 ಮೀಟರ್ ಮಾತ್ರ. ಸಾಲುಗಳು ಒಂದರ ಮೇಲೊಂದು ಸ್ವಲ್ಪ ಹಾಯಬೇಕು. ಹಾಗಾಗಿ ದಡದ ಬಳಿ 10 ಕಿ.ಮೀ. ಉದ್ದ, ಒಂದು ಕಿ.ಮೀ. ಅಗಲದ ಪಟ್ಟಿಯನ್ನು ಪೂರ್ತಿ ಅಳೆಯಲು 35ಕ್ಕೂ ಹೆಚ್ಚು ಸಾಲು, ಅಂದರೆ 350 ಕಿ.ಮೀ. ಮೀರಿದ ಓಡಾಟ ಬೇಕು. ಗಂಟೆಗೆ ಎಂಟು ಕಿ.ಮೀ. ವೇಗದಲ್ಲಿ ತಿರುವುಗಳನ್ನು ಬಿಟ್ಟೇ 45 ಗಂಟೆ. ಆಳ ಕಡಿಮೆಯಾದಷ್ಟೂ ಕೆಲಸ ಹೆಚ್ಚು, ಖರ್ಚು ಹೆಚ್ಚು. ನಾಡದೋಣಿಗಳು ಬಲೆ ಬೀಸುವುದೂ ಇದೇ ಕಡಿಮೆ ಆಳದಲ್ಲಿ. ಜಗತ್ತಿನ ಸಾಗರತಳವನ್ನೆಲ್ಲ 2030ರೊಳಗೆ ಅಳೆಯಬೇಕೆಂದು ಹೊರಟ ‘ಸೀಬೆಡ್ 2030’ ಯೋಜನೆ 2025ರ ಜೂನ್ ವೇಳೆಗೆ ಶೇ 27.3ರಷ್ಟನ್ನು ಮಾತ್ರ ತಲುಪಿತ್ತು. ಉಳಿದದ್ದು ಬರೀ ನಡುಗಡಲು ಎಂದುಕೊಳ್ಳಬಾರದು. ಆಧುನಿಕ ವಿವರದಲ್ಲಿ ಅಳೆಯದ ದಡದಂಚಿನ ನೀರೂ ಜಗತ್ತಿನಲ್ಲಿ ಬೇಕಾದಷ್ಟಿದೆ.

ಅಳತೆ ತಪ್ಪಲು ದಾರಿಗಳು ಹಲವು. ಅಲೆಗೆ ಹಡಗು ಏಳುತ್ತದೆ, ಬೀಳುತ್ತದೆ, ಓಲಾಡುತ್ತದೆ. ಭರತ ಇಳಿತಕ್ಕೆ ನೀರಿನ ಮಟ್ಟವೇ ಬದಲಾಗುತ್ತದೆ. ಇವನ್ನೆಲ್ಲ ಪ್ರತ್ಯೇಕ ಉಪಕರಣಗಳಿಂದ ಅಳೆದು ಲೆಕ್ಕದಿಂದ ಕಳೆಯುತ್ತಾರೆ. ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ನೀರಿನಲ್ಲಿ ಶಬ್ದದ ವೇಗ. ಪಠ್ಯಪುಸ್ತಕದ ಅಂಕಿ ಸೆಕೆಂಡಿಗೆ 1,500 ಮೀಟರ್. ಬೆಚ್ಚಗಿನ, ಪೂರ್ತಿ ಉಪ್ಪಾದ ನಮ್ಮ ಸಮುದ್ರದಲ್ಲಿ ಅದು 1,540ರ ಆಸುಪಾಸು. ಮಳೆಗಾಲದ ಕೊನೆಗೆ ಶರಾವತಿ, ಕಾಳಿ, ನೇತ್ರಾವತಿಗಳ ಸಿಹಿನೀರು ಮೇಲ್ಪದರದಲ್ಲಿ ಹರಡಿದಾಗ ಅಲ್ಲಿ ವೇಗ ಕುಸಿಯುತ್ತದೆ, ಕೆಳಗಿನ ಉಪ್ಪುನೀರಿನಲ್ಲಿ ಮತ್ತೆ ಏರುತ್ತದೆ. ವೇಗದ ಲೆಕ್ಕ ಶೇ 2ರಷ್ಟು ತಪ್ಪಾದರೂ 20 ಮೀಟರ್ ಆಳದಲ್ಲಿ 40 ಸೆಂಟಿಮೀಟರ್ ವ್ಯತ್ಯಾಸ. ಒಂದು ಚದರ ಕಿ.ಮೀ. ಹೂಳೆತ್ತುವ ಗುತ್ತಿಗೆಯಲ್ಲಿ ಈ 40 ಸೆಂಟಿಮೀಟರ್ ಎಂದರೆ ನಾಲ್ಕು ಲಕ್ಷ ಘನ ಮೀಟರ್ ಮಣ್ಣು. ಅದಕ್ಕೇ ಒಳ್ಳೆಯ ಸಮೀಕ್ಷಕರು ದಿನಕ್ಕೆ ಹಲವು ಬಾರಿ, ಅಳಿವೆಯ ಬಳಿಯಂತೂ ಸ್ಥಳ ಬದಲಾದಾಗಲೆಲ್ಲ, ವೇಗಮಾಪಕವನ್ನು ಮೇಲಿನಿಂದ ತಳದವರೆಗೆ ಇಳಿಸಿ ಎತ್ತುತ್ತಾರೆ. ಬೇಸರದ ಕೆಲಸ, ಆದರೆ ಅದನ್ನು ಬಿಟ್ಟವರ ನಕ್ಷೆಯಲ್ಲಿ ಸಪಾಟಾದ ತಳವೂ ಅಂಚುಗಳಲ್ಲಿ ಬಾಗಿ ಕಾಣಿಸುತ್ತದೆ.

ಇನ್ನು ಕೆಸರಿನ ಸಮಸ್ಯೆ. ಮಲಬಾರ್ ಕರಾವಳಿಯ ಹಲವೆಡೆ ತಳದ ಮೇಲೆ ಗಂಜಿಯಂತಹ ತೆಳು ಕೆಸರು ತೇಲಿಕೊಂಡಿರುತ್ತದೆ. 200 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಎರಡು ಲಕ್ಷ ಬಾರಿ ಕಂಪಿಸುವ ಶಬ್ದ ಈ ಗಂಜಿಯ ಮೇಲ್ಮೈಗೇ ತಾಗಿ ಮರಳುತ್ತದೆ, 33 ಕಿಲೋಹರ್ಟ್ಸ್ ಶಬ್ದ ಅದನ್ನು ತೂರಿಕೊಂಡು ಗಟ್ಟಿ ಮಣ್ಣಿಗೆ ತಾಗಿ ಬರುತ್ತದೆ. ಒಂದೇ ಜಾಗದಲ್ಲಿ ಎರಡು ಆಳ. ಹಡಗಿನ ಕಪ್ತಾನನಿಗೆ, ಡ್ರೆಜರ್ ಗುತ್ತಿಗೆದಾರನಿಗೆ, ಹಣ ಕೊಡುವ ಬಂದರಿಗೆ ಬೇರೆ ಬೇರೆ ಆಳ ಲಾಭದಾಯಕ. ಯಾವ ಕಂಪನಾಂಕದಲ್ಲಿ ಅಳೆದಿರಿ ಎಂಬ ಪ್ರಶ್ನೆಯನ್ನು ಕೇಳದೆ ಯಾವ ಹೂಳಿನ ಲೆಕ್ಕವನ್ನೂ ಒಪ್ಪಬಾರದು.

ಆಳ ತಿಳಿದರಾಯಿತೇ? ತಳದ ಮೈ ಹೇಗಿದೆ ಎಂದು ನೋಡಲು ಸೈಡ್ ಸ್ಕ್ಯಾನ್ ಸೋನಾರ್ ಇದೆ. ಟಾರ್ಪಿಡೊ ಆಕಾರದ ಕೊಳವೆಯೊಂದನ್ನು ಹಗ್ಗಕ್ಕೆ ಕಟ್ಟಿ ತಳದ ಸಮೀಪ ಎಳೆಯುತ್ತಾರೆ. ಅದು ಓರೆಯಾಗಿ ಬಿಡುವ ಶಬ್ದಕ್ಕೆ ಬಂಡೆ, ಮರಳಿನ ಏರಿಳಿತ, ಮುಳುಗಿದ ದೋಣಿ ಎಲ್ಲವೂ ನೆರಳು ಬಿಡುತ್ತವೆ. ನೆರಳಿನ ಉದ್ದದಿಂದ ವಸ್ತುವಿನ ಎತ್ತರ ಲೆಕ್ಕ ಹಾಕಬಹುದು. ಮೀನುಗಾರಿಕೆ ಜೋರಾಗಿರುವ ಕೆಸರು ತಳದ ಚಿತ್ರದಲ್ಲಿ ಜೋಡಿ ಗೆರೆಗಳು ಅಡ್ಡಾದಿಡ್ಡಿಯಾಗಿ ಕಾಣುತ್ತವೆ, ಉತ್ತ ಗದ್ದೆಯ ಹಾಗೆ. ತಳದ ಮೇಲೆ ಎಳೆಯುವ ಟ್ರಾಲ್ ಬಲೆಯ ಬಾಯಿ ತೆರೆದಿಡುವ ಹಲಗೆಗಳು ತಳವನ್ನು ಗೀರಿದ ಗುರುತುಗಳವು. ಅಲ್ಲಿ ಯಾರು ದುಡಿಯುತ್ತಾರೆ ಎಂಬುದಕ್ಕೆ ಸಮೀಕ್ಷೆಯ ಚಿತ್ರವೇ ಸಾಕ್ಷಿ ನುಡಿಯುತ್ತದೆ. ವರದಿಗಳಲ್ಲಿ ಮಾತ್ರ ಅಂತಹ ಗೆರೆಗಳು ತಳದ ಒಂದು ಲಕ್ಷಣವಾಗಿ ದಾಖಲಾಗಿ ಮುಗಿದುಹೋಗುತ್ತವೆ. ಈ ಗೆರೆಗಳು ಇನ್ನೊಂದನ್ನೂ ಹೇಳುತ್ತವೆ, ಅದನ್ನು ಮುಚ್ಚಿಡುವುದು ಸರಿಯಲ್ಲ: ಟ್ರಾಲಿಂಗ್ ಕೂಡ ತಳದ ಜೀವಿಗಳನ್ನು ಕಿತ್ತೆಸೆದಿದೆ.

ಮಣ್ಣಿನೊಳಗೆ ನೋಡಬೇಕೆಂದರೆ ಕಡಿಮೆ ಕಂಪನಾಂಕದ ಶಬ್ದ ಬೇಕು. ಸಬ್‌ಬಾಟಮ್ ಪ್ರೊಫೈಲರ್ ಕೆಲವು ಕಿಲೋಹರ್ಟ್ಸ್‌ನ ಶಬ್ದವನ್ನು ತಳದೊಳಗೆ ನುಗ್ಗಿಸುತ್ತದೆ. ಮೆತ್ತನೆಯ ಕೆಸರಿನಲ್ಲಿ ಹತ್ತಾರು ಮೀಟರ್, ಗಟ್ಟಿ ಮರಳಿನಲ್ಲಿ ಕೆಲವೇ ಮೀಟರ್ ಇಳಿದು ಪದರಗಳ ಚಿತ್ರ ತರುತ್ತದೆ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಇಂದು ಬೋಟುಗಳು ಓಡಾಡುವ ಜಾಗ ಆಗ ಒಣನೆಲ, ಅದರ ಮೇಲೆ ನದಿಗಳು ಹರಿಯುತ್ತಿದ್ದವು. ಹೂತುಹೋದ ಅಂತಹ ನದೀಪಾತ್ರಗಳನ್ನು ಪ್ರೊಫೈಲರ್ ಚಿತ್ರದಲ್ಲಿ ಬರಿಗಣ್ಣಿನಿಂದಲೇ ಗುರುತಿಸಬಹುದು. ಆದರೆ ಗೋವಾ, ಕರ್ನಾಟಕದ ದಡದ ಬಳಿಯ ಕೆಸರಿನಲ್ಲಿ ಹಲವೆಡೆ ಮೀಥೇನ್ ಅನಿಲ ಸಿಕ್ಕಿಹಾಕಿಕೊಂಡಿದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಶಕಗಳ ಹಿಂದೆಯೇ ಇದನ್ನು ದಾಖಲಿಸಿದ್ದಾರೆ. ಅನಿಲದ ಗುಳ್ಳೆಗಳು ಶಬ್ದವನ್ನು ಚದುರಿಸಿಬಿಡುತ್ತವೆ, ಅದರ ಕೆಳಗೆ ಪರದೆ ಖಾಲಿ. ಬಂಡೆ ಎಷ್ಟು ಆಳದಲ್ಲಿದೆ ಎಂದು ತಿಳಿಯಬೇಕಾದ ಬಂದರಿನ ಎಂಜಿನಿಯರಿಗೆ ಆ ಖಾಲಿ ಜಾಗವೇ ತಲೆನೋವು. ಅಲ್ಲಿ ಕೊಳವೆ ಇಳಿಸಿ ಕೊರೆಯದೆ ಗತ್ಯಂತರವಿಲ್ಲ. ಭೂಭೌತಿಕ ಸಮೀಕ್ಷೆಯ ಹಿಂದೆಯೇ ಕೊರೆಯುವ ಬಾರ್ಜ್ ಬರುವುದು ಈ ಕಾರಣಕ್ಕೆ.

ಇವುಗಳ ಜೊತೆಗೆ ಕಬ್ಬಿಣದ ಸುಳಿವು ಹಿಡಿಯುವ ಮ್ಯಾಗ್ನೆಟೊಮೀಟರ್, ತಳದ ಮಣ್ಣನ್ನು ಬಾಚಿ ತರುವ ಗ್ರ್ಯಾಬ್ ಇರುತ್ತವೆ.

ಸದ್ದು ಮೀನಿಗೆ ಕೇಳುವುದೇ?

ಮೀನುಗಾರರು ಕೇಳುವ ಮೊದಲ ಪ್ರಶ್ನೆ ಇದು. ಇದಕ್ಕೆ ‘ಏನೂ ಆಗುವುದಿಲ್ಲ’ ಎಂಬ ಉತ್ತರವೂ ‘ಮೀನೆಲ್ಲ ಸಾಯುತ್ತದೆ’ ಎಂಬ ಉತ್ತರವೂ ತಪ್ಪು. ಯಾವ ಉಪಕರಣ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಡಿಮೆ ಆಳದಲ್ಲಿ ಬಳಸುವ 200 ಕಿಲೋಹರ್ಟ್ಸ್ ಮತ್ತು ಅದಕ್ಕೂ ಮೇಲಿನ ಸೋನಾರ್‌ಗಳ ಸದ್ದು ಡಾಲ್ಫಿನ್‌ಗಳ ಶ್ರವಣಶಕ್ತಿಗೂ ಬಹುಪಾಲು ಮೀರಿದ್ದು, ಬಂಗುಡೆ, ಭೂತಾಯಿ ಮೀನುಗಳಿಗಂತೂ ಕೇಳುವ ಮಾತೇ ಇಲ್ಲ. ಆ ಸದ್ದು ನೀರಿನಲ್ಲಿ ಬೇಗ ಸೊರಗಿಹೋಗುತ್ತದೆ. ನಮ್ಮ ಆಳಸಮುದ್ರದ ಬೋಟುಗಳಲ್ಲಿರುವ ಫಿಶ್ ಫೈಂಡರ್‌ಗಳೂ ಇದೇ ಬಗೆಯವು.

ತೈಲ ಹುಡುಕಲು ಬಳಸುವ ಏರ್‌ಗನ್ ಬೇರೆಯೇ ಲೋಕದ್ದು. ಒತ್ತಿಟ್ಟ ಗಾಳಿಯನ್ನು ಒಮ್ಮೆಲೇ ನೀರಿಗೆ ಸ್ಫೋಟಿಸುವ ಆ ಯಂತ್ರದ ಕಡಿಮೆ ಕಂಪನಾಂಕದ ಗುಡುಗು ನೂರಾರು ಕಿಲೋಮೀಟರ್ ಸಾಗಬಲ್ಲದು. ಟಾಸ್ಮೇನಿಯಾದ ಬಳಿ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದೇ ಏರ್‌ಗನ್ ಸಿಡಿಸಿದಾಗ 1.2 ಕಿ.ಮೀ. ದೂರದವರೆಗೂ ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ರಾಣಿಪ್ಲವಕಗಳು ಸತ್ತದ್ದು ಕಂಡುಬಂತು. ಮೀನಿನ ಮರಿಗಳಿಗೆ ಪ್ಲವಕವೇ ಅನ್ನ. ಸದ್ದಿನ ಜೋರಿನಲ್ಲಿ ಸೋನಾರ್, ಏರ್‌ಗನ್‌ಗಳೆರಡರ ನಡುವೆ ಸ್ಪಾರ್ಕರ್, ಬೂಮರ್‌ನಂತಹ ಉಪಕರಣಗಳಿವೆ. ಬಂದರು, ಗಾಳಿಯಂತ್ರಗಳ ಸಮೀಕ್ಷೆಯಲ್ಲಿ ಇವನ್ನು ಬಳಸುವುದುಂಟು. ಮಲ್ಟಿಬೀಮ್ ಎಂದಾಕ್ಷಣ ಪೂರ್ತಿ ನಿರಪಾಯ ಎನ್ನಲೂ ಆಗದು. 2008ರಲ್ಲಿ ಮಡಗಾಸ್ಕರ್‌ನ ಒಂದು ಹಿನ್ನೀರಿಗೆ ಸುಮಾರು ನೂರು ತಿಮಿಂಗಿಲಗಳು ನುಗ್ಗಿ ಸಿಕ್ಕಿಬಿದ್ದವು. ಹೊರಗಡಲಲ್ಲಿ ಬಳಸುತ್ತಿದ್ದ 12 ಕಿಲೋಹರ್ಟ್ಸ್‌ನ ಪ್ರಬಲ ಮಲ್ಟಿಬೀಮ್ ಸೋನಾರ್ ಅದಕ್ಕೆ ಪ್ರಚೋದನೆಯಾಗಿರುವ ಸಾಧ್ಯತೆಯೇ ಹೆಚ್ಚು ಎಂದು ಸ್ವತಂತ್ರ ತಜ್ಞರ ಸಮಿತಿ 2013ರಲ್ಲಿ ಹೇಳಿತು. ಆಳಸಮುದ್ರದ ಉಪಕರಣವದು, ನಮ್ಮ ದಡದ ಬಳಿ ಬಳಸುವಂಥದ್ದಲ್ಲ. ಆದರೂ ‘ಸೋನಾರ್’ ಎಂಬ ಒಂದೇ ಹೆಸರಿನಡಿ ಎಷ್ಟು ಭಿನ್ನ ಯಂತ್ರಗಳಿವೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಹಾಗಾಗಿ ಊರಿನವರು ಕೇಳಬೇಕಾದದ್ದು ಯಾವ ಯಂತ್ರ, ಯಾವ ಕಂಪನಾಂಕ, ಎಷ್ಟು ದಿನ ಎಂಬುದನ್ನು. ಈ ಮೂರು ಸಾಲಿನ ಮಾಹಿತಿಯನ್ನು ಕನ್ನಡದಲ್ಲಿ ಬರೆದು ಮೀನುಗಾರರ ಸಹಕಾರ ಸಂಘದ ಗೋಡೆಗೆ ಅಂಟಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಸದ್ದಿಗಿಂತ ದಿನನಿತ್ಯದ ಕಿರುಕುಳ ಬೇರೆಯಿದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಸಮೀಕ್ಷೆಗೆ ಬಗ್ಗುವುದಿಲ್ಲ. ಅಕ್ಟೋಬರ್‌ನಿಂದ ಮೇವರೆಗಿನ ಶಾಂತ ಕಡಲೇ ಬೇಕು. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿಸಿ ಮೀನುಗಾರರು ದುಡಿಯುವುದೂ ಅದೇ ತಿಂಗಳುಗಳಲ್ಲಿ. ಹಿಂದೆ ಕೇಬಲ್ ಎಳೆದುಕೊಂಡು ನೇರ ಸಾಲಿನಲ್ಲಿ ಸಾಗುವ ಸಮೀಕ್ಷಾ ಹಡಗು ಥಟ್ಟನೆ ತಿರುಗಲಾರದು. ಬಿಟ್ಟ ಬಲೆಯನ್ನು ನಾಡದೋಣಿಯವರು ಥಟ್ಟನೆ ಎಳೆಯಲಾರರು. ಬಲೆ ಹರಿದರೆ ನಷ್ಟ ಯಾರದೆಂದು ಎಲ್ಲರಿಗೂ ಗೊತ್ತು. ಹಡಗುಗಳಿಗೆ ಕಳಿಸುವ ಅಧಿಕೃತ ಎಚ್ಚರಿಕೆ ಪ್ರಕಟಣೆಗಳು ದಡದಿಂದ ಬಲೆ ಎಳೆಯುವ ಕೈರಂಪಣಿಯವರನ್ನೂ ಸಣ್ಣ ಪಾತಿದೋಣಿಯವರನ್ನೂ ತಲುಪುವುದಿಲ್ಲ. ಬ್ರಿಟನ್ನಿನಲ್ಲಿ ಗಾಳಿಯಂತ್ರದ ಕಂಪನಿಗಳು ಸಮೀಕ್ಷೆಗೆ ಮುನ್ನ ಮೀನುಗಾರರೊಂದಿಗೆ ಮಾತುಕತೆಗೆಂದೇ ಸಂಪರ್ಕಾಧಿಕಾರಿಯನ್ನು ನೇಮಿಸುವ ಪದ್ಧತಿಯಿದೆ. ಸಾಮಾನ್ಯವಾಗಿ ಅವರು ಕಡಲು ಬಲ್ಲವರೇ ಆಗಿರುತ್ತಾರೆ. ಮಲ್ಪೆಯಲ್ಲೋ ತದಡಿಯಲ್ಲೋ ಅಂತಹವರಿಗೆ ಕೊರತೆಯೇ?

ಕೊಲ್ಲಂನ ಮರಳು

2024ರ ನವೆಂಬರ್ 28ರಂದು ಕೇಂದ್ರ ಗಣಿ ಸಚಿವಾಲಯ ದೇಶದ ಮೊದಲ ಕಡಲ ಖನಿಜ ಹರಾಜನ್ನು ಪ್ರಕಟಿಸಿತು. ಒಟ್ಟು 13 ಬ್ಲಾಕ್‌ಗಳು: ಗುಜರಾತಿನ ಬಳಿ ಸುಣ್ಣದ ಕೆಸರಿನ ಮೂರು, ಕೇರಳದ ಕೊಲ್ಲಂ ಬಳಿ ನಿರ್ಮಾಣ ಮರಳಿನ ಮೂರು, ಗ್ರೇಟ್ ನಿಕೋಬಾರ್ ಬಳಿ ಬಹುಲೋಹ ಗಂಟುಗಳ ಏಳು. ಹರಾಜಿಗೆ ಆಧಾರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ಸಮೀಕ್ಷೆ. ಆ ಸಂಸ್ಥೆಯ ಸಾಗರ ವಿಭಾಗದ ಮುಖ್ಯ ಕಚೇರಿ ನಮ್ಮ ಮಂಗಳೂರಿನಲ್ಲಿಯೇ ಇದೆ. ‘ಸಮುದ್ರ ರತ್ನಾಕರ’, ‘ಸಮುದ್ರ ಕೌಸ್ತುಭ’ ಮುಂತಾದ ಹಡಗುಗಳು ಅದರವು. ಕೇರಳದ ಕಡಲಿನಲ್ಲಿ ಸುಮಾರು 74.5 ಕೋಟಿ ಟನ್ ನಿರ್ಮಾಣ ಮರಳಿದೆ ಎಂಬ ಅಂದಾಜು ಇಂತಹ ಸಮೀಕ್ಷೆಗಳಿಂದಲೇ ಬಂತು.

ಇಲ್ಲಿ ಭೂಭೌತಿಕ ಸಮೀಕ್ಷೆ ಹೇಳುವ ಒಂದು ಸತ್ಯವನ್ನು ಹರಾಜಿನ ಪ್ರಚಾರ ಕೈಬಿಟ್ಟಿತು. ನದಿಗಳು ಇಂದು ತರುವ ಕೆಸರು ಬಹುಪಾಲು ದಡದ ಬಳಿಯ ಕಡಿಮೆ ಆಳದಲ್ಲಿಯೇ ತಂಗುತ್ತದೆ. 50 ಮೀಟರ್ ಆಸುಪಾಸಿನ ಆಳದಾಚೆ ಸಿಗುವ ಮರಳು ಸಮುದ್ರ ಕೆಳಗಿದ್ದ ಕಾಲದ ಹಳೆಯ ತೀರಗಳ ಉಳಿಕೆ. ಹೊಳೆಯ ಮರಳಿನಂತೆ ಮುಂದಿನ ಮಳೆಗೆ ಮತ್ತೆ ಬಂದು ತುಂಬುವುದಿಲ್ಲ. ಒಮ್ಮೆ ತೆಗೆದರೆ ಹಳ್ಳ ಉಳಿಯುತ್ತದೆ, ಅದರಲ್ಲಿ ಕೆಸರು ತುಂಬುತ್ತದೆ, ಮರಳಿನಲ್ಲಿ ಬದುಕುವ ಜೀವಿಗಳ ಜಾಗಕ್ಕೆ ಕೆಸರಿನ ಜೀವಿಗಳು ಬರುತ್ತವೆ. ಕೊಲ್ಲಂ ಕಡಲೆಂದರೆ ಕೇರಳದ ಅತ್ಯಂತ ಸಮೃದ್ಧ ಮೀನುಗಾರಿಕೆಯ ನೆಲೆಗಳಲ್ಲೊಂದು. ಮರಳು ಎಷ್ಟು ಟನ್ ಎಂದು ಲೆಕ್ಕ ಹಾಕಿದ ಮೇಲೆ ಆ ಮರಳಿನ ಮೇಲೆ ಏನು ಬದುಕುತ್ತದೆ ಎಂಬ ಲೆಕ್ಕವೂ ಹರಾಜಿಗೆ ಮುನ್ನವೇ ಜನರ ಮುಂದಿರಬೇಕಿತ್ತು. 2025ರ ಫೆಬ್ರವರಿ 27ರಂದು ಕೇರಳದ ಕರಾವಳಿಯುದ್ದಕ್ಕೂ ಮೀನುಗಾರರು ಹರತಾಳ ನಡೆಸಿದರು. ಮಾರ್ಚ್‌ನಲ್ಲಿ ರಾಜ್ಯದ ವಿಧಾನಸಭೆ ಕಡಲ ಗಣಿಗಾರಿಕೆಯ ವಿರುದ್ಧ ಸರ್ವಾನುಮತದ ನಿರ್ಣಯ ಅಂಗೀಕರಿಸಿತು.

ಕಾನೂನಿನ ಗಂಟೂ ಇದೆ. 12 ನಾಟಿಕಲ್ ಮೈಲಿನೊಳಗಿನ ಮೀನುಗಾರಿಕೆ ರಾಜ್ಯದ ವಿಷಯ. ಆದರೆ ಅದೇ ನೀರಿನ ಅಡಿಯ ಖನಿಜ, ಸಂವಿಧಾನದ 297ನೇ ವಿಧಿಯಂತೆ, ಕೇಂದ್ರದ್ದು. 2002ರ ಕಡಲ ಖನಿಜ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು ಹರಾಜನ್ನೂ 50 ವರ್ಷಗಳ ಗುತ್ತಿಗೆಯನ್ನೂ ಸೇರಿಸಲಾಯಿತು. ಮೇಲಿನ ಮೀನು ಒಂದು ಸರ್ಕಾರದ್ದು, ಕೆಳಗಿನ ಮರಳು ಇನ್ನೊಂದರದ್ದು. ಮೀನಿಗೆ ಮಾತ್ರ ಈ ಗಡಿ ಗೊತ್ತಿಲ್ಲ. ಕಾಣೆ ಮೀನು ಮರಳಿನಲ್ಲಿ ಹೂತುಕೊಳ್ಳುತ್ತದೆ, ನಂಗು ತಳಕ್ಕೆ ಅಂಟಿಕೊಂಡೇ ಬದುಕುತ್ತದೆ.

ಕೇಣಿಯಲ್ಲಿ ಆದದ್ದು

ಅಂಕೋಲಾದ ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ ಬಂದರು ಕಟ್ಟುವ ಗುತ್ತಿಗೆಯನ್ನು ಕರ್ನಾಟಕ ಜಲಸಾರಿಗೆ ಮಂಡಳಿಯಿಂದ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಪಡೆದದ್ದು 2023ರ ನವೆಂಬರ್‌ನಲ್ಲಿ. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. 2025ರ ಫೆಬ್ರವರಿಯಲ್ಲಿ ಕಡಲಿನಲ್ಲಿ ತಾಂತ್ರಿಕ ಸಮೀಕ್ಷೆ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಆಡಳಿತ ನಿಷೇಧಾಜ್ಞೆ ಹೊರಡಿಸಿತು.

ಈ ಕ್ರಮವನ್ನು ಗಮನಿಸಿ. ಮೊದಲು ಗುತ್ತಿಗೆ, ಆಮೇಲೆ ಸಮೀಕ್ಷೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಮೀಕ್ಷೆಯ ಮಾಹಿತಿ ಬಳಸಿ ಕರಡು ವರದಿ ಸಿದ್ಧವಾಗಬೇಕು, ಅದರ ಮೇಲೆ ಸಾರ್ವಜನಿಕ ಅಹವಾಲು ನಡೆಯಬೇಕು. ಅಹವಾಲಿಗೆ 30 ದಿನ ಮುಂಚೆ ಊರಿನವರಿಗೆ ಕನ್ನಡದಲ್ಲಿ ಸಿಗಬೇಕಾದದ್ದು ವರದಿಯ ಸಾರಾಂಶ ಮಾತ್ರ. ನೂರಾರು ಪುಟಗಳ ಪೂರ್ಣ ವರದಿ ಇಂಗ್ಲಿಷಿನಲ್ಲಿ. ತಳದ ಮೂಲ ದತ್ತಾಂಶ ಯಾರಿಗೂ ಇಲ್ಲ. ಜಾಗ ಆರಿಸಿ, ಹೂಡಿಕೆದಾರನನ್ನು ಗೊತ್ತುಮಾಡಿ, ಹಣದ ಲೆಕ್ಕ ಹಾಕಿದ ಮೇಲೆ ನಡೆಯುವ ಸಮೀಕ್ಷೆ ‘ಇಲ್ಲಿ ಕಟ್ಟಬೇಕೇ?’ ಎಂದು ಕೇಳುವುದಿಲ್ಲ, ‘ಹೇಗೆ ಕಟ್ಟಬೇಕು?’ ಎಂದಷ್ಟೇ ಕೇಳುತ್ತದೆ. ಕೇಣಿಯ ಹೆಂಗಸರಿಗೂ ಗಂಡಸರಿಗೂ ಇದು ಅರ್ಥವಾಗಿದೆ. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಊರು, ತೀರ ಬಿಟ್ಟುಕೊಟ್ಟವರ ನೆನಪು ಆ ಜಿಲ್ಲೆಯಲ್ಲಿ ಇನ್ನೂ ಹಸಿಯಾಗಿದೆ. ಅವರ ಸಿಟ್ಟನ್ನು ತಾಂತ್ರಿಕ ಅಜ್ಞಾನ ಎಂದು ತಳ್ಳಿಹಾಕುವವರು ಈ ಕ್ರಮವನ್ನು ಒಮ್ಮೆ ಓದಿಕೊಳ್ಳಲಿ.

ಅಲ್ಲಿನ ಮೀನುಗಾರರಿಗೆ ತಳ ಗೊತ್ತಿಲ್ಲದ್ದೇನೂ ಅಲ್ಲ. ಎಷ್ಟು ಮಾರು ಆಳದಲ್ಲಿ ಕಲ್ಲಿದೆ, ಎಲ್ಲಿ ಬಲೆ ಸಿಕ್ಕಿಬೀಳುತ್ತದೆ, ಮಳೆ ಹಿಂದೆಗೆದ ಮೇಲೆ ಸಿಗಡಿ ಯಾವ ಕೆಸರಿಗೆ ಬರುತ್ತದೆ ಎಂಬ ನಕ್ಷೆ ಅವರ ತಲೆಯಲ್ಲಿದೆ, ಈಗ ಜಿಪಿಎಸ್ ಯಂತ್ರದಲ್ಲಿಯೂ ಇದೆ. ಬೋಟು ನಡೆಸುವ ತಂಡೇಲ ಗುರುತು ಹಾಕಿಟ್ಟ ಬಿಂದುಗಳನ್ನೂ ಸೋನಾರ್ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಎರಡೂ ಕಡೆಯವರಿಗೆ ಹೊಸದು ಕಾಣುತ್ತದೆ. ಸೋನಾರ್ ಬಂಡೆಯ ಆಕಾರ ಹೇಳುತ್ತದೆ. ಆ ಬಂಡೆಯ ಸುತ್ತ ಯಾವ ತಿಂಗಳು ಯಾವ ಮೀನು ಎಂಬುದನ್ನು ತಂಡೇಲ ಹೇಳುತ್ತಾನೆ. ಹಾಗೆ ಕೂಡಿಸಿದ ನಕ್ಷೆಯ ಮುಂದೆ ಕುಳಿತರೆ, ಎಲ್ಲಿ ಕಟ್ಟಲೇಬಾರದು ಎಂಬುದರ ಬಗ್ಗೆಯಾದರೂ ಮಾತು ಶುರುವಾಗುತ್ತದೆ.

ಬೀಗ ಯಾರದು?

ನಕ್ಷೆ ಕೊಡಲಾಗದು ಎನ್ನುವುದಕ್ಕೆ ಎರಡು ಕಾರಣ ಕೇಳಿಬರುತ್ತವೆ: ಭದ್ರತೆ ಮತ್ತು ವ್ಯಾಪಾರದ ಗೌಪ್ಯ. ಭದ್ರತೆಯ ಮಾತು ಪೂರ್ತಿ ಸುಳ್ಳಲ್ಲ. ನೌಕಾನೆಲೆಯ ಸುತ್ತಲಿನ ತಳದ ಸೂಕ್ಷ್ಮ ವಿವರವನ್ನು ಯಾವ ದೇಶವೂ ಬೀದಿಗೆ ಹಾಕುವುದಿಲ್ಲ. ಹಾಗೆಂದು ಇಡೀ ಕರಾವಳಿಯನ್ನು ನೌಕಾನೆಲೆಯಂತೆ ಕಾಣಬೇಕಾಗಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರವೇ ಭೂನಕ್ಷೆ ಮಾರ್ಗಸೂಚಿಗಳನ್ನು ಸಡಿಲಿಸಿತು. ನಕ್ಷೆ ತಯಾರಿಸಲು ಭಾರತೀಯರಿಗೆ ಪೂರ್ವಾನುಮತಿ ಬೇಡವೆಂದಿತು, ಸಾರ್ವಜನಿಕ ಹಣದಿಂದ ಸಿದ್ಧವಾದ ದತ್ತಾಂಶ ಭಾರತೀಯರಿಗೆ ಸುಲಭವಾಗಿ ಸಿಗಬೇಕೆಂದಿತು. ನಿಯಮ ಬದಲಾದರೂ ಕಪಾಟಿನ ಬೀಗ ಹಾಗೇ ಉಳಿದಿದೆ.

ಐರ್ಲೆಂಡ್ ಪುಟ್ಟ ದೇಶ, ಅದರ ಕಡಲು ಅದರ ನೆಲಕ್ಕಿಂತ ಹಲವು ಪಟ್ಟು ದೊಡ್ಡದು. 1999ರಲ್ಲಿ ಅದು ಸರ್ಕಾರಿ ಹಣದಿಂದ ತನ್ನ ತಳವನ್ನೆಲ್ಲ ಅಳೆಯಲು ಹೊರಟಿತು. 2006ರಿಂದ ‘ಇನ್‌ಫೋಮಾರ್’ ಹೆಸರಿನಲ್ಲಿ ದಡದ ಬಳಿಯ ನೀರನ್ನು ಅಳೆಯಿತು. ಆ ದತ್ತಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ನಾರ್ವೆ 2005ರಲ್ಲಿ ಆರಂಭಿಸಿದ ‘ಮರೇನೊ’ ಇನ್ನೂ ಒಂದು ಹೆಜ್ಜೆ ಮುಂದೆ: ಆಳ, ಮಣ್ಣುಗಳ ಜೊತೆಗೆ ತಳದ ಜೀವಿಗಳನ್ನು ವಿಡಿಯೊದಲ್ಲಿ ಚಿತ್ರೀಕರಿಸಿ ಒಂದೇ ನಕ್ಷೆಯಲ್ಲಿ ಕೊಡುತ್ತದೆ. ಯಾವ ಯೋಜನೆಯೂ ಹುಟ್ಟುವ ಮುನ್ನವೇ ತಳ ಎಲ್ಲರಿಗೂ ಗೊತ್ತಿದ್ದರೆ, ಜಾಗದ ಆಯ್ಕೆಯ ಹಂತದಲ್ಲಿಯೇ ವಾದ ಮಾಡಬಹುದು.

ಮೊದಲೇ ಅಳೆದಿಡುವುದರ ಬೆಲೆಯನ್ನು 2025ರ ಮೇ 25 ತೋರಿಸಿತು. ಆ ದಿನ ಕೊಚ್ಚಿಯ ಬಳಿ 640 ಕಂಟೇನರ್‌ಗಳಿದ್ದ ‘ಎಂಎಸ್‌ಸಿ ಎಲ್ಸಾ 3’ ಹಡಗು ಮುಳುಗಿತು. ಅವುಗಳಲ್ಲಿ 13 ಅಪಾಯಕಾರಿ ಸರಕಿನವು. ಕೆಲವು ದಡಕ್ಕೆ ತೇಲಿಬಂದವು, ಉಳಿದವು ತಳ ಸೇರಿದವು. ಹಿಂದಿನ ಸೋನಾರ್ ಚಿತ್ರ ಕೈಯಲ್ಲಿದ್ದರೆ ಹೊಸ ಚಿತ್ರದ ಜೊತೆ ಹೋಲಿಸಿ, ಹೊಸದಾಗಿ ಬಿದ್ದದ್ದನ್ನು ಬೇಗ ಬೇರ್ಪಡಿಸಬಹುದು. ಇಲ್ಲದಿದ್ದರೆ ಪ್ರತಿ ಬಂಡೆಯನ್ನೂ ಅನುಮಾನಿಸುತ್ತ ಕೂರಬೇಕು. ಅಷ್ಟರಲ್ಲಿ ಬಲೆಗಳು ಸಿಕ್ಕಿ ಹರಿಯುತ್ತಿರುತ್ತವೆ.

ಕರ್ನಾಟಕದ ಮಟ್ಟಿಗೆ ದೆಹಲಿಯತ್ತ ನೋಡದೆ ಮಾಡಬಹುದಾದದ್ದು ಬಹಳಷ್ಟಿದೆ. ರಾಜ್ಯದ ಜಲಸಾರಿಗೆ ಮಂಡಳಿ ಕರೆಯುವ ಪ್ರತಿ ಟೆಂಡರಿನಲ್ಲಿ ಕೆಲವು ಷರತ್ತುಗಳನ್ನು ಸೇರಿಸಲಿ. ತಳದ ನಕ್ಷೆಯನ್ನು, ಭದ್ರತೆಗೆ ಬೇಕಾದಷ್ಟು ಒರಟುಗೊಳಿಸಿಯಾದರೂ, ಸಮೀಕ್ಷೆ ಮುಗಿದ ಆರು ತಿಂಗಳೊಳಗೆ ಕನ್ನಡದ ವಿವರಣೆಯೊಂದಿಗೆ ಪ್ರಕಟಿಸಬೇಕು. ಮುಂಗಾರಿನ ಮೊದಲೂ ನಂತರವೂ ಅಳೆಯಬೇಕು, ಏಕೆಂದರೆ ನಮ್ಮ ದಡದ ಮರಳು ಒಂದೇ ಮಳೆಗಾಲದಲ್ಲಿ ಜಾಗ ಬದಲಿಸುತ್ತದೆ ಮತ್ತು ಜನವರಿಯಲ್ಲಿ ಮಾತ್ರ ಅಳೆದವರಿಗೆ ಅದು ಕಾಣುವುದೇ ಇಲ್ಲ. ಹಡಗಿನಲ್ಲಿ ಸ್ಥಳೀಯ ಮೀನುಗಾರರ ಒಬ್ಬ ಪ್ರತಿನಿಧಿ ಇರಬೇಕು. ಕೆಲಸ ಕಳೆದುಕೊಂಡ ದಿನಕ್ಕೂ ಹರಿದ ಬಲೆಗೂ ಪರಿಹಾರದ ದರ ಮೊದಲೇ ಗೊತ್ತಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜಾಗದ ಗುತ್ತಿಗೆ ಕೊಡುವ ಮುನ್ನ ಪ್ರಾಥಮಿಕ ಸಮೀಕ್ಷೆಯನ್ನು ಸರ್ಕಾರವೇ ನಡೆಸಬೇಕು.

ಇದಕ್ಕೂ ಮುಂಚೆ, ಯಾವ ಟೆಂಡರೂ ಇಲ್ಲದೆ, ಶುರುಮಾಡಬಹುದಾದ ಕೆಲಸ ಒಂದಿದೆ. ಗಂಗೊಳ್ಳಿ, ಹೊನ್ನಾವರದ ಅಳಿವೆಗಳಲ್ಲಿ ಮರಳ ದಿಬ್ಬ ಪ್ರತಿ ಮಳೆಗಾಲದ ನಂತರ ಹೊಸ ಜಾಗದಲ್ಲಿ ಏಳುತ್ತದೆ. ನಿಷೇಧ ಮುಗಿದು ಹೊರಡುವ ಬೋಟುಗಳು ಅದಕ್ಕೆ ತಾಗಿ ಮಗುಚುವುದು, ಜೀವ ಹೋಗುವುದು ಹೊಸದಲ್ಲ. ಒಂದು ಸಣ್ಣ ದೋಣಿ, ಅದಕ್ಕೆ ಕಟ್ಟಿದ ಸಾಮಾನ್ಯ ಎಕೋ ಸೌಂಡರ್, ಒಂದು ಜಿಪಿಎಸ್ ಇದ್ದರೆ ಕಡಲು ಸ್ವಲ್ಪ ತಣ್ಣಗಾದ ಕೂಡಲೇ ಅಳಿವೆಯ ಬಾಯಿಯನ್ನು ಒಂದೆರಡು ದಿನಗಳಲ್ಲಿ ಅಳೆದು ಮುಗಿಸಬಹುದು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಸುರತ್ಕಲ್‌ನಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಿದೆ, ಕಾರವಾರದಲ್ಲಿ ಕಡಲಜೀವಶಾಸ್ತ್ರ ವಿಭಾಗವಿದೆ. ಅವರಲ್ಲಿ ಯಾರಿಗೆ ವಹಿಸಿದರೂ, ಆಗಸ್ಟಿನ ಮೊದಲ ವಾರಗಳಲ್ಲಿ ಪ್ರತಿ ಬಂದರಿನ ಮೀನುಗಾರರ ಸಂಘದ ಕಚೇರಿಯಲ್ಲಿ ಆ ವರ್ಷದ ಅಳಿವೆಯ ಆಳದ ನಕ್ಷೆಯನ್ನು, ಮೀಟರಿನಲ್ಲೂ ಮಾರಿನಲ್ಲೂ ಬರೆದು, ಗೋಡೆಗೆ ಹಚ್ಚಬಹುದು.